ಕಪ್ಪು ಹ್ಯಾಟಿನ ಆರಿನ್

ಕ್ಯಾಲಿಫೋರ್ನಿಯಾದ ಬೋಳುಗುಡ್ಡಗಳಲ್ಲಿ ನಾನು ಮೂಕಿಚಿತ್ರಗಳಿಗೆ ಕ್ಯಾಮೆರಾ ತಿರುಗಿಸುತ್ತಿದ್ದ ಕಾಲದಲ್ಲಿ ನಮ್ಮ ಖಳನಾಯಕ ಆರಿನ್ ಟಟಲ್‌ನಷ್ಟು ಸಲ ಸತ್ತವರು ಇನ್ನೊಬ್ಬರಿರಲಿಲ್ಲ. ಬೆಳಿಗ್ಗೆ ಬ್ಯಾಂಕು ದೋಚಿ ಗುಂಡೇಟಿಗೆ ಬಿದ್ದು, ಎದ್ದು ಹೊಟ್ಟೆತುಂಬ ಬೀನ್ಸ್ ತಿಂದು, ಮಧ್ಯಾಹ್ನ ಇನ್ನೊಂದು ಚಿತ್ರದಲ್ಲಿ ನೇಣಿಗೇರುತ್ತಿದ್ದ. ಕಪ್ಪು ಹ್ಯಾಟಿನ ಕೆಳಗೆ ಅವನು ಒಂದು ಹುಬ್ಬು ಏರಿಸಿದರೆ ಲಾಯದ ಕುದುರೆಗಳೂ ಹಿಂದೆ ಸರಿಯುತ್ತಿದ್ದವು. ಪೇಟೆಯಲ್ಲಿ ಹೆಂಗಸರು ಅವನನ್ನು ಕಂಡು ಹೆದರಿ ರಸ್ತೆಯ ಆ ಬದಿಗೆ ದಾಟಿದರಂತೂ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. "ನೋಡ್ದೇನೋ, ಆಯಮ್ಮ ನಮ್ ಚಿತ್ರಾನ ಸರಿಯಾಗಿ ಅರ್ಥ ಮಾಡ್ಕೊಂಡವ್ಳೆ!" ಅನ್ನುತ್ತಿದ್ದ. ಒಂದು ದಿನ ಚಿತ್ರೀಕರಣದ ನಡುವೆ, ಆರು ವರ್ಷದ ಬಾಲನಟಿ ಕೂತಿದ್ದ ಬಂಡಿಯ ಕುದುರೆಗಳು ನಿಜವಾಗಿಯೇ ಬೆದರಿ ಕಂದಕದತ್ತ ಓಡಿದವು. ಅವಳನ್ನು ಕಾಪಾಡಬೇಕಿದ್ದ ಬಿಳಿ ಹ್ಯಾಟಿನ ನಾಯಕನಟ ಕಾಲು ಕೀಳಲಾರದೆ ನಿಂತುಬಿಟ್ಟ. ಆರಿನ್ ಹ್ಯಾಟು ಹಾರಿಹೋಗುವಂತೆ ಕುದುರೆ ಓಡಿಸಿ, ಮಗುವನ್ನು ಬಂಡಿಯಿಂದ ಸೆಳೆದು ತಬ್ಬಿಕೊಂಡು ನೆಲಕ್ಕುರುಳಿ ತೋಳು ಮುರಿದುಕೊಂಡ. ಅದೆಲ್ಲ ನನ್ನ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. "ನಾಳೆಯಿಂದ ನೀನೇ ನಾಯಕ ಕಣಯ್ಯಾ!" ಎಂದು ನಿರ್ದೇಶಕರು ಕುಣಿದರು. ಆರಿನ್ ನೋವಿಗೆ ಹಲ್ಲು ಕಚ್ಚಿ ಹೇಳಿದ: "ಬ್ಯಾಡಿ ಸ್ವಾಮಿ. ಅಷ್ಟು ದೂರದಿಂದ ನನ್ ಮುಖ ಕಾಣಾಕಿಲ್ಲ. ಆ ನಾಯಕನ ಮುಖಾನ ಹತ್ರದಿಂದ ತೆಗ್ದು ಸೇರಿಸ್ಬಿಡಿ. ಬಿಳಿ ಹ್ಯಾಟಿನೋನು ಬಂದೇ ಬತ್ತಾನೆ ಅಂತ ಮಕ್ಳು ನಂಬ್ಕೊಂಡವೆ. ಅವನು ಬರ್ಲೇ ಇಲ್ಲ ಅಂತ ಅವಕ್ಕೆ ಹೆಂಗ್ ಹೇಳ್ತೀರಿ?" ಹಾಗೆಯೇ ಆಯಿತು. ಚಿತ್ರ ಬಂದಾಗ ಪೇಟೆಯ ಮಕ್ಕಳೆಲ್ಲ ಬೆಂಚು ಹತ್ತಿ ನಾಯಕನಿಗೆ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ, ಕಟ್ಟು ಹಾಕಿದ ತೋಳಿನ ಆರಿನ್ ಇನ್ನೊಂದು ಕೈಯಿಂದ ತೊಡೆ ತಟ್ಟುತ್ತ, ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕುತ್ತಿದ್ದ.