ಉಸ್ತಾದ್ ಶಹಾತ ಹೂಡಿದ ಚೀಸ್ ಸಮರ

ಅಲೆಕ್ಸಾಂಡ್ರಿಯಾದ ಒಂದು ಸಣ್ಣ ಪತ್ರಿಕೆಯಲ್ಲಿ ವಾಣಿಜ್ಯ ಪುಟಕ್ಕೆ ತಲೆಬರಹ ಕೊಡುತ್ತಿದ್ದ ಶಹಾತ, ಜಿರಲೆ ಕಂಡರೆ ಕುರ್ಚಿ ಹತ್ತುವ ಮನುಷ್ಯ. ಚಪ್ಪಟೆ ಪಾದವೆಂದು ಸೈನ್ಯದವರು ಮೊದಲ ದಿನವೇ ಮನೆಗೆ ಕಳಿಸಿದ್ದರು. ಪೆನ್ನು ಹಿಡಿದರೆ ಮಾತ್ರ ಸೇನಾಪತಿ. ಅವನ ಪುಟದಲ್ಲಿ ಡಾಲರ್ ದಾಳಿಯಿಡುತ್ತಿತ್ತು, ಈಜಿಪ್ಟಿನ ಪೌಂಡ್ ಕೊನೆಯುಸಿರಿನವರೆಗೂ ಹೋರಾಡುತ್ತಿತ್ತು, ಟೊಮೆಟೊ ಕೋಟೆ ಉರುಳುತ್ತಿತ್ತು. ಒಮ್ಮೆ ‘ಬಂದರಿಗೆ ವಿದೇಶಿ ಕೋಳಿಗಳ ಮುತ್ತಿಗೆ’ ಎಂದು ಬರೆದಾಗ ಅವನ ಅತ್ತೆ ಮೂರು ದಿನ ಹೊಸ್ತಿಲು ದಾಟಲಿಲ್ಲ.

ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಆ ವರ್ಷ ರಂಜಾನ್ ಹೊಸ್ತಿಲಲ್ಲಿದ್ದಾಗ, ಅವನ ಮನೆಯ ಕೆಳಗೆ ಅಂಗಡಿಯಿಟ್ಟಿದ್ದ ಹಾಜಿ ಬಸ್ಯೂನಿ ಬಿಳಿ ಚೀಸಿನ ಬೆಲೆಯನ್ನು ಚೂರು ಇಳಿಸಿದ. ಎದುರಂಗಡಿಯ ಹಾಜಿ ಮಿತ್ವಲ್ಲಿಯೂ ಇಳಿಸಿದ. ಇಬ್ಬರೂ ಬೀಗರು, ಸಂಜೆ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುವವರು. ಪುಟದ ಒಂದು ಮೂಲೆ ಖಾಲಿ ಉಳಿದಿತ್ತು. ಶಹಾತ ಬರೆದೇಬಿಟ್ಟ: ‘ಚೀಸ್ ಸಮರ: ಬಸ್ಯೂನಿ ಹೊಡೆತಕ್ಕೆ ಮಿತ್ವಲ್ಲಿ ತತ್ತರ!’

ಬೆಳಗಾಗುತ್ತಲೇ ಗಿರಾಕಿಗಳು ಮಿತ್ವಲ್ಲಿಯನ್ನು ಕಿಚಾಯಿಸಿದರು.

“ಏನ್ ಹಾಜಿ, ತತ್ತರಿಸ್ತಾ ಇದೀರಂತೆ?”

ಮಿತ್ವಲ್ಲಿ ಹಲ್ಲು ಕಚ್ಚಿ ಬೆಲೆಯನ್ನು ಮತ್ತಷ್ಟು ಇಳಿಸಿದ. ಬಸ್ಯೂನಿ ಅದಕ್ಕಿಂತ ಕೆಳಗಿಳಿದ. ಮೂರನೆಯ ದಿನಕ್ಕೆ ಬೆಂಚನ್ನು ಗರಗಸದಿಂದ ಎರಡು ತುಂಡು ಮಾಡಿ ಹಂಚಿಕೊಂಡರು. ಮಿತ್ವಲ್ಲಿಯ ಸೊಸೆಯಾಗಿದ್ದ ಬಸ್ಯೂನಿಯ ಮಗಳು ಬಸುರಿ. ತವರಿನ ಬಾಗಿಲು ಬೀದಿಯಾಚೆಯೇ ಇದ್ದರೂ ಹೋಗುವಂತಿರಲಿಲ್ಲ.

“ರೀ, ಬೆಂಕಿ ಹಚ್ಚಿದೋರು ನೀವೇ, ನೀವೇ ಹೋಗಿ ಆರಿಸಿ,” ಎಂದು ಹೆಂಡತಿ ರತೀಬಾ ಅವನನ್ನು ಮೆಟ್ಟಿಲಿಳಿಸಿದಳು.

ಶಹಾತ ನಡುಬೀದಿಯಲ್ಲಿ ನಿಂತು ಕೈಮುಗಿಯುವುದೊಂದು ಬಾಕಿ. “ಹಾಜಿ, ಅದು ಬರೀ ಅಲಂಕಾರ! ನಮ್ಮ ಕಸುಬಿನ ಭಾಷೆ!”

“ತತ್ತರಿಸಿದೆ ಅಂತ ಊರಿಗೆಲ್ಲಾ ಸಾರಿ, ಅಲಂಕಾರ ಅಂತೀಯಾ?” ಮಿತ್ವಲ್ಲಿ ಗುಡುಗಿದ.

“ಉಸ್ತಾದರನ್ನ ಯಾಕ್ ಬೈತೀಯೋ? ಇದ್ದದ್ದನ್ನೇ ಬರೆದಿದಾರೆ,” ಎಂದು ಬಸ್ಯೂನಿ ಈ ಕಡೆಯಿಂದ ಚುಚ್ಚಿದ.

ಮಿತ್ವಲ್ಲಿಯ ಕೈಗೆ ಸಿಕ್ಕಿದ್ದು ಉಪ್ಪುನೀರಿನಿಂದ ಆಗಷ್ಟೇ ತೆಗೆದ ಚೀಸಿನ ಗಡ್ಡೆ. ಬಸ್ಯೂನಿಗೆ ಗುರಿಯಿಟ್ಟು ಎಸೆದದ್ದು ಶಹಾತನ ಮುಖಕ್ಕೆ ಪಚಕ್ಕೆಂದು ಬಡಿಯಿತು.

“ಅಯ್ಯೋ, ಕಣ್ಣು!” ಅವನು ಕುಸಿದು ಕೂತ.

ಇಬ್ಬರೂ ಓಡಿಬಂದರು. ಒಬ್ಬ ನೀರು ಹುಯ್ದ, ಇನ್ನೊಬ್ಬ ತನ್ನ ಜುಬ್ಬದಿಂದಲೇ ಒರೆಸಿದ. ಒರೆಸುತ್ತಾ ಬಸ್ಯೂನಿ ಬೆರಳು ನೆಕ್ಕಿ ಮುಖ ಕಿವುಚಿದ.

“ಉಪ್ಪು ಜಾಸ್ತಿ ಕಣೋ.”

“ನಿಂದಕ್ಕಿಂತ ಕಮ್ಮೀನೇ ಬಿಡೋ.”

ಮೂರು ದಿನದಲ್ಲಿ ಅವರಿಬ್ಬರು ನೇರವಾಗಿ ಆಡಿದ ಮೊದಲ ಸಮಾಧಾನದ ಮಾತದು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಡುವೆ ಕೂತ ಶಹಾತನಿಗೆ ಮಾತ್ರ ಕಣ್ಣೀರು ನಿಲ್ಲಲಿಲ್ಲ.

ಮರುದಿನ ಕೆಂಗಣ್ಣಿನಲ್ಲೇ ಕಚೇರಿಗೆ ಹೋದ. ‘ಕದನವಿರಾಮ’ ಎಂದು ಬರೆದ, ಹೊಡೆದುಹಾಕಿದ. ಕೊನೆಗೆ ಬರೆದ: ‘ಚೀಸ್ ಮತ್ತೆ ಹಳೆಯ ಬೆಲೆಗೆ.’

ಸಂಪಾದಕರು ಅವನ ಹಣೆ ಮುಟ್ಟಿ ನೋಡಿ, “ಜ್ವರಾನಾ?” ಎಂದರು.

ಬೀದಿಯ ಹೆಂಗಸರಿಗೆ ಆ ಸುದ್ದಿಯೇ ಹಿಡಿಸಲಿಲ್ಲ. ಮೂರನೇ ಮಹಡಿಯ ಮುದುಕಿ ನಫೀಸಾ ಖಾಲಿ ಪಾತ್ರೆ ಹಿಡಿದು ಅವನನ್ನು ಮೆಟ್ಟಿಲಲ್ಲೇ ತಡೆದಳು: “ರಂಜಾನ್ ಮುಗಿಯೋವರೆಗಾದ್ರೂ ಹೊಡೆದಾಡ್ಕೊಳ್ಳೋಕೆ ಬಿಡಬಾರ್ದಿತ್ತಾ ಮಗನೇ?”