ಫ್ಲಾಪಿ ಬಾಯಿಯೊಳಗಿನ ಬನ್ನಿ ಎಲೆ

ಕಂಪ್ಯೂಟರಿಗೆ ಮನೆಯಲ್ಲಿ ಪ್ರತ್ಯೇಕ ಕೋಣೆ, ಪ್ರತ್ಯೇಕ ಹೊದಿಕೆ ಇದ್ದ ದಿನಗಳವು. ಆ ಕೋಣೆಗೆ ಕಾಲು ತೊಳೆದು ಹೋಗಬೇಕಿತ್ತು. ಅಥವಾ ಚಪ್ಪಲಿ ಬಿಟ್ಟರೆ ಸಾಕಿತ್ತೇ? ಈಗ ಖಚಿತವಾಗಿ ಹೇಳಲಾರೆ. ಇದನ್ನು ಬರೆಯುತ್ತ ಹೀಗೆ ಹಲವು ಕಡೆ ತಡವರಿಸಿದ್ದೇನೆ.

ದಸರಾ ರಜೆಗೆ ಅಪ್ಪ ನನ್ನನ್ನು ಕಮಲಾಪುರದಿಂದ ಕಲಬುರಗಿಗೆ ಕರೆತಂದು ಕಾಕಾನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ತೊಡೆಯ ಮೇಲೆ ಕೆಂಪು ಬಾಳೆಹಣ್ಣಿನ ಚೀಲ. ಬಸ್ಸು ತುಂಬ ಡೀಸೆಲ್ಲಿನದೂ ಮಾಗಿದ ಹಣ್ಣಿನದೂ ಕಲಸಿದ ವಾಸನೆ. ನನಗಾಗ ಒಂಬತ್ತು ವರ್ಷ. ಕಾಕಾನ ಮಗ ರಘು ಪಿಯುಸಿಯಲ್ಲಿದ್ದ.

ಅವನ ಕಂಪ್ಯೂಟರಿನಲ್ಲಿ ಹಳದಿ ಲಾರಿಯ ಆಟವೊಂದಿತ್ತು. ಮುರಿದ ಸೇತುವೆಗಳ ಮೇಲೆ ಲಾರಿ ದಾಟಿಸಬೇಕು. ಆಟ ಮುಗಿದರೆ ಹೆಚ್ಚು ಅಂಕ ಗಳಿಸಿದವರ ಹೆಸರುಗಳ ಪಟ್ಟಿ ಬರುತ್ತಿತ್ತು. ರಘು ಮೊದಲನೆಯವನು, ನಾನು ಮೂರನೆಯವಳು. ಈ ರಜೆಯಲ್ಲಿ ಅವನ ಹೆಸರನ್ನು ಕೆಳಗಿಳಿಸಿಯೇ ಊರಿಗೆ ಮರಳುವುದೆಂದು ಗೆಳತಿಯರಿಗೆ ಹೇಳಿ ಬಂದಿದ್ದೆ.

"ನೀ ಹಣ್ಣ ತಿಂದ ಕೈಲೆ ಮುಟ್ಟತಿ, ಲಾರಿ ಜಾರತದ" ಎಂದು ರಘು ಚುಡಾಯಿಸುತ್ತಿದ್ದ.

"ನೀ ಸೋಲೋದಕ್ಕ ಈಗೇ ನೆವಾ ಹುಡುಕಾಕತ್ತಿ."

ಖಂಡೇನವಮಿಯ ದಿನ ಅಜ್ಜಿ ಈಳಿಗೆ, ಕತ್ತರಿ, ಕಾಕಾನ ಸ್ಕೂಟರಿನ ಕೀಲಿಗಳ ಜೊತೆ ಕಂಪ್ಯೂಟರಿಗೂ ಗಂಧ ಹಚ್ಚಿ ಹೂವು ಏರಿಸಿದರು. "ನಾಳಿ ಸಂಜಿ ಬನ್ನಿ ಕೊಡೋತನಕ ಯಾರೂ ಮುಟ್ಟಬ್ಯಾಡ್ರಿ. ಅವಕ್ಕೂ ಒಂದಿನ ವಿಶ್ರಾಂತಿ ಇರ್ಲಿ" ಎಂದರು.

ಹೋಳಿಗೆ ಉಂಡು ಎಲ್ಲರೂ ಮಲಗಿದ್ದ ಮಧ್ಯಾಹ್ನ ನಾನು ಹೂವು ಬೀಳದಂತೆ ಹೊದಿಕೆ ಎತ್ತಿ ಗುಂಡಿ ಒತ್ತಿದೆ. ಪರದೆಯ ಬಣ್ಣವೇ ಬೇರೆಯಾಗಿತ್ತು. ಹಬ್ಬಕ್ಕೆ ಹಾಗೆ ಮಾಡಿದ್ದಾರೆ ಎಂದುಕೊಂಡೆ. ಆಟ ಒತ್ತಿದೆ. ಪರದೆ ಕಪ್ಪಾಗಿ ಮತ್ತೆ ಮೊದಲಿನಂತಾಯಿತು. ಲಾರಿ ಬರಲಿಲ್ಲ. ನಾಲ್ಕು ಸಲ ಒತ್ತಿ, ಬೆವರಿ, ಆರಿಸಿ ಓಡಿದೆ.

ಮರುದಿನ ಸಂಜೆ ಹಿರಿಯರಿಗೆಲ್ಲ ಬನ್ನಿ ಕೊಟ್ಟು ಕಾಲಿಗೆ ಬಿದ್ದ ಮೇಲೆ ನನ್ನ ಕೈಯಲ್ಲಿ ಒಂದಿಷ್ಟು ಎಲೆ ಉಳಿದಿದ್ದವು. ಜಗಳಾಡಿದವರೂ ಆ ದಿನ ಬನ್ನಿ ಕೊಟ್ಟು ಒಂದಾಗುವುದು ನಮ್ಮ ರೂಢಿ. ಕಂಪ್ಯೂಟರಿನ ಮುಂದೆ ನಿಂತು "ಬಂಗಾರದಂಗ ಇರೋಣು" ಎಂದೆ. ಫ್ಲಾಪಿ ಹಾಕುವ ಸೀಳು ಬಾಯಿಯಂತೆ ಕಾಣುತ್ತಿತ್ತು. ಎಲೆಗಳನ್ನು ಅಲ್ಲಿಯೇ ತುರುಕಿದೆ.

ಮೂರನೆಯ ದಿನ ಕಾಕಾನ ಫ್ಲಾಪಿ ಒಳಗೆ ಹೋಗಲಿಲ್ಲ. ಮೋಮಿನಪುರದಿಂದ ರಿಪೇರಿಯ ಖಾಜಾ ಭಾಯಿ ಬಂದರು. ಚಿಮಟಿಗೆಯಿಂದ ಒಂದೊಂದೇ ಎಲೆ ಎಳೆದು ಟೇಬಲ್ಲಿನ ಮೇಲಿಟ್ಟರು.

"ಸಾಬ್, ನಿಮ್ಮ ಮಶೀನು ಮೇಯಾಕತ್ತದ."

ಎಲ್ಲರೂ ನಕ್ಕರು, ನಾನು ಅತ್ತೆ. ಆದರೆ ಎಲೆ ತೆಗೆದ ಮೇಲೂ ಲಾರಿ ಬರಲಿಲ್ಲ.

"ಇದರಾಗ ಎಲೀದೇನೂ ತಪ್ಪಿಲ್ರಿ" ಎಂದರು ಖಾಜಾ ಭಾಯಿ. "ಹೊಸಾ ಸಿಸ್ಟಮ್ ಹಾಕೀರಿ. ಹಳೀ ಆಟ ಇದರಾಗ ನಡ್ಯಂಗಿಲ್ಲ. ಹಳೇದೆಲ್ಲಾ ಒರಸಿ ಆಟ ಮತ್ತ ತುಂಬೀರಿ, ಪಟ್ಟಿನೂ ಹೋಗ್ಯಾದ."

ಕಾಕಾ ರಘುವಿನ ಕಡೆ ತಿರುಗಿದರು. "ಯಾವಾಗ ಹಾಕ್ದಿ?"

"ನಿನ್ನಿ ರಾತ್ರಿ, ಅಪ್ಪಾ. ನವಮಿ ಮುಂಜಾನೆ ಆಟ ಛಂದ ನಡೀತಿತ್ತು. ಪೂಜಾದಾಗ ಈಕಿ ಏನೋ ಒತ್ತಿ ಕೆಡಿಸ್ಯಾಳ. ಅದನ್ನ ಸರಿ ಮಾಡಾಕ ಹಾಕಿದೆ."

"ಮುಟ್ಟಿದ್ದಿ ಏನ, ವಾಣಿ?" ಎಂದು ಕಾಕಾ ನನ್ನ ಕಡೆ ನೋಡಿದರು.

ಮುಟ್ಟಿದ್ದೆ. ಪರದೆಯ ಬಣ್ಣ ಆಗಲೇ ಬದಲಾಗಿತ್ತೆಂದು ಹೇಳಬೇಕಿತ್ತು. "ಹೂಂ" ಎಂದಷ್ಟೇ ಹೇಳಿದೆ.

"ಪೂಜಿಗಿಟ್ಟದ್ದ ಮುಟ್ಟಿದ್ರ ಹಿಂಗೇ ಆಗೋದು" ಎಂದು ಅಜ್ಜಿ ತೀರ್ಪು ಕೊಟ್ಟರು. ರಜೆ ಮುಗಿಯುವವರೆಗೆ ನನಗೆ ಆ ಕೋಣೆ ಬಂದ್. ಆಮೇಲಿನ ರಜೆಗಳಲ್ಲೂ ನಾನಾಗಿಯೇ ಅದರೊಳಗೆ ಕಾಲಿಡಲಿಲ್ಲ.

ಹೋದ ತಿಂಗಳು ರಘುವಿಗೆ ಫೋನು ಮಾಡಿ ಕೇಳಿಬಿಟ್ಟೆ. ಹೊಸ ಸಿಸ್ಟಮನ್ನು ನವಮಿಗಿಂತ ಮೊದಲೇ ಹಾಕಿದ್ದೆಯಲ್ಲವೇ ಎಂದು.

"ನವಮಿ ಎಲ್ಲಿಂದ ಬಂತ, ಮಾರಾಯ್ತಿ? ಸಿಸ್ಟಮ್ ಬದ್ಲಿ ಮಾಡಿದ್ದು ದೀಪಾವಳಿಗೆ. ಮತ್ತ ಎಲಿ ತುರುಕಿದಾಂವ ನಾನು. ನಿನ್ನ ನಗಸಾಕ."

ಅವನ ದನಿಯಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಎಲೆಯ ಅಂಚು ನನ್ನ ಬೆರಳಿಗೆ ತಾಗಿದ್ದು ಇನ್ನೂ ನೆನಪಿದೆ. ಆದರೆ ಇಷ್ಟು ವರ್ಷ ಅದನ್ನೇ ನೆನೆದು ನೆನೆದು ಆ ನೆನಪನ್ನು ನಾನೇ ಕಟ್ಟಿಕೊಂಡಿರಬಹುದೇ? ಕೇಳೋಣವೆಂದರೆ ಅಜ್ಜಿ ಇಲ್ಲ, ಕಾಕಾ ಇಲ್ಲ. ಖಾಜಾ ಭಾಯಿಯ ಅಂಗಡಿ ಇದ್ದ ಓಣಿಯಲ್ಲಿ ಯಾರಿಗೂ ಅವರ ಗುರುತಿಲ್ಲ.

ಹೊಸ ಕಂಪ್ಯೂಟರನ್ನು ಹಳೆಯದರಂತೆ ನಡೆಸುವ ತಂತ್ರಾಂಶವೊಂದಿದೆ. ಮೊನ್ನೆ ಅದರಲ್ಲಿ ಲಾರಿಯ ಆಟ ಹಾಕಿದೆ. ಲಾರಿ ಬಂತು, ಅದೇ ಹಳದಿ. ಕೊನೆಗೆ ಪಟ್ಟಿ ಬಂತು, ಖಾಲಿಯಾಗಿ. ಹಳೆಯ ಪಟ್ಟಿಯನ್ನು ಇದ್ದ ಹಾಗೆಯೇ ಬರೆದಿಡೋಣವೆಂದು ಆಡುತ್ತ ಹೋದೆ. ಮೊದಲ ಸಾಲಿಗೆ ರಘು ಎಂದು ಹಾಕಿದೆ, ಮೂರನೆಯದಕ್ಕೆ ನನ್ನ ಹೆಸರು. ಎರಡನೆಯದಕ್ಕೆ ಬಂದಾಗ ಕೈ ನಿಂತಿತು.

ನಾನು ಮೂರನೆಯವಳು ಎಂಬುದರಲ್ಲಿ ಮಾತ್ರ ನನಗೆ ಎಂದೂ ಅನುಮಾನ ಬಂದಿಲ್ಲ. ಅಂದರೆ ಆ ಮನೆಯಲ್ಲಿ ಇನ್ನೊಬ್ಬರು ಯಾರೋ ಆ ಲಾರಿ ಓಡಿಸುತ್ತಿದ್ದರು, ನನಗಿಂತ ಚೆನ್ನಾಗಿಯೇ. ಅಂದು ಮುಟ್ಟಿದ್ದೀಯಾ ಎಂದು ನನ್ನೊಬ್ಬಳನ್ನೇ ಕೇಳಿದಾಗ ಅವರೂ ಅಲ್ಲಿಯೇ ನಿಂತಿರಬೇಕು.