ಪದ್ದಕ್ಕ ಬಿಚ್ಚಿ ತೆಗೆದ ಹಾಳೆಗಳು

ಪದ್ದಕ್ಕ ಯಾರಿಗೆ ಕಾದಂಬರಿ ಕೊಟ್ಟರೂ ಜೊತೆಗೊಂದು ಬುತ್ತಿ ಕಟ್ಟಿಕೊಡುತ್ತಿದ್ದರು. ಬಾಳೆಲೆಯೊಳಗೆ ಒಗ್ಗರಣೆ ಅವಲಕ್ಕಿ, ಸುತ್ತ ಹೋಟೆಲಿನ ಪೊಟ್ಟಣದ ನೂಲು.

"ದೂರದ ಪ್ರಯಾಣ ಮಾರಾಯ್ತಿ. ದಾರಿಯಲ್ಲಿ ಹಸಿವಾದರೆ ಎಂತ ಮಾಡ್ತಿ?"

ನಾನು ಹೋಗಬೇಕಾಗಿದ್ದ ದೂರ ಅವರ ಬಾಗಿಲಿನಿಂದ ನಮ್ಮ ಬಾಗಿಲಿಗೆ, ಹತ್ತು ಹೆಜ್ಜೆ. 'ಯಾರಿಗೆ ಕೊಟ್ಟರೂ' ಎಂದು ಈಗಷ್ಟೇ ಬರೆದೆ. ನನ್ನನ್ನು ಬಿಟ್ಟು ಬೇರೆ ಯಾರಿಗಾದರೂ ಅವರು ಪುಸ್ತಕ ಕೊಟ್ಟದ್ದನ್ನು ನಾನು ನೋಡಿದ್ದೇನೆಯೇ? ಇಲ್ಲವೆಂದೇ ತೋರುತ್ತದೆ.

ಪೆರಂಬೂರಿನಲ್ಲಿ ಎಂಟು ಮನೆಗಳ ವಠಾರ ನಮ್ಮದು. ಬೇಸಿಗೆ ರಜೆ ಬಂತೆಂದರೆ ಟ್ರಂಕು, ಹೋಲ್ಡಾಲುಗಳು ಅಂಗಳಕ್ಕಿಳಿಯುತ್ತಿದ್ದವು. "ನಾಂಗ ಊರುಕ್ಕು ಪೋರೋಂ!" ಊರಿಗೆ ಹೊರಟೆವೆಂದು ಮಕ್ಕಳು ತಮಿಳಿನಲ್ಲಿ ನಮ್ಮ ಕಿಟಕಿಗೆ ಕೇಳುವಂತೆ ಕೂಗಿಕೊಂಡು ಹೊರಡುತ್ತಿದ್ದರು. ಒಂದೊಂದೇ ಬಾಗಿಲಿಗೆ ಬೀಗ ಬಿದ್ದು, ಕೊನೆಗೆ ತೆರೆದಿರುತ್ತಿದ್ದುದು ಎರಡೇ ಮನೆ. ನಮ್ಮಪ್ಪ ರೈಲ್ವೆ ಗುಮಾಸ್ತರು. ನಮಗೆ ಪ್ರಯಾಣದ ಪಾಸು ಇತ್ತು, ಆದರೆ ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಅಮ್ಮ ತೀರಿಕೊಂಡ ಮೇಲೆ ಮೈಸೂರಿನ ಅಜ್ಜಿಮನೆಗೆ ಹೋಗುವ ಮಾತನ್ನು ಅಪ್ಪ ಎತ್ತಲಿಲ್ಲ. ಪದ್ದಕ್ಕನ ಗಂಡ ಐತಾಳರು ಹೋಟೆಲೊಂದರಲ್ಲಿ ಅಡುಗೆಯ ಮುಖ್ಯಸ್ಥರು. ಊರವರೆಲ್ಲ ರಜೆಯಲ್ಲಿದ್ದಾಗಲೇ ಅವರ ಒಲೆಗೆ ಕೆಲಸ ಹೆಚ್ಚು.

"ನಿನಗೆ ಪಾಸುಂಟು, ಊರಿಲ್ಲ. ನನಗೆ ಊರುಂಟು, ರಜೆಯಿಲ್ಲ. ಒಳ್ಳೆ ಜೋಡಿ ನಾವು" ಎಂದು ಪದ್ದಕ್ಕ ನಗುತ್ತಿದ್ದರು.

ಹೋಟೆಲಿನಲ್ಲಿ ಗಿರಾಕಿಗಳಿಗೆಂದು ಕನ್ನಡ ವಾರಪತ್ರಿಕೆ ತರಿಸುತ್ತಿದ್ದರು. ವಾರ ಕಳೆದ ಮೇಲೆ ಐತಾಳರು ಅದನ್ನು ಮನೆಗೆ ತಂದರೆ, ಪದ್ದಕ್ಕ ಧಾರಾವಾಹಿಯ ಹಾಳೆಗಳನ್ನಷ್ಟೇ ಕತ್ತರಿಸಿ ಜೋಡಿಸಿ, ದಬ್ಬಳದಿಂದ ಹೊಲಿದು, ಮೈದಾ ಅಂಟು ಹಚ್ಚಿ, ಹಳೆಯ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಆ ಪುಸ್ತಕಗಳಿಗೆಲ್ಲ ಇಂಗಿನ ವಾಸನೆ. ಯಾರಾದರೂ ಗಿರಾಕಿ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಿಬಿಟ್ಟರೆ ಆ ವಾರದ ಕಂತು ಇಲ್ಲ. ಪದ್ದಕ್ಕ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಆ ಕಂತನ್ನು ತಾವೇ ಬರೆದು ನಡುವೆ ಹೊಲಿಯುತ್ತಿದ್ದರು. ಅವರ ಅಧ್ಯಾಯಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಎಲ್ಲರಿಗೂ ಹಸಿವಾಗುತ್ತಿತ್ತು, ಯಾರಾದರೊಬ್ಬರು ಎಲೆ ಹಾಕಿ ಬಡಿಸುತ್ತಿದ್ದರು.

ಅಮ್ಮ ಹೋದ ವರ್ಷದ ರಜೆಗೆ ಅವರು ಕೊಟ್ಟದ್ದು ಕಾಶ್ಮೀರದ ಕಾದಂಬರಿ. ವತ್ಸಲೆ ಎಂಬ ಹುಡುಗಿ ಅಲ್ಲಿ ದೋಣಿಮನೆಯಲ್ಲಿರುತ್ತಾಳೆ. ಹಿಮ, ಕೇಸರಿ ಹೊಲ, ನೀರಿನ ಮೇಲೆ ತೇಲಿ ಬರುವ ಹೂವಿನಂಗಡಿ. ಪೆರಂಬೂರಿನ ಬಿಸಿಲಲ್ಲಿ ಒದ್ದೆ ಟವೆಲು ತಲೆಗೆ ಸುತ್ತಿಕೊಂಡು ಓದಿದೆ. ನಡುವೆ ಪದ್ದಕ್ಕನ ಕೈಬರಹದ ಅಧ್ಯಾಯ: ವತ್ಸಲೆಯ ತಾಯಿ ರೈಲು ಹತ್ತಿ ಕಾಶ್ಮೀರಕ್ಕೇ ಬಂದು ಮಗಳಿಗೆ ಪತ್ರೊಡೆ ಮಾಡಿ ಹಾಕುತ್ತಾಳೆ.

"ಕಾಶ್ಮೀರದಲ್ಲಿ ಕೆಸುವಿನ ಎಲೆ ಸಿಗುತ್ತಾ ಪದ್ದಕ್ಕ?"

"ದೋಣಿ ಇರುವಲ್ಲಿ ನೀರುಂಟಲ್ಲ? ನೀರಿದ್ದಲ್ಲಿ ಕೆಸು ಇರ್ತದೆ."

"ಮತ್ತೆ, ತಾಯಿ ಬಂದ ಮೇಲೂ ಮುಂದಿನ ಕಂತಿನಲ್ಲಿ ವತ್ಸಲೆ ಯಾಕೆ ಅಳುತ್ತಾಳೆ?"

"ತಾಯಿ ವಾಪಸು ಹೋದರಲ್ಲ, ಅದಕ್ಕೆ."

ಆ ಉತ್ತರ ನನಗೆ ಸಾಕಾಯಿತು. ಆ ರಜೆಯಲ್ಲಿ ಆ ಅಧ್ಯಾಯವನ್ನು ಎಷ್ಟು ಸಲ ಓದಿದೆನೋ ತಿಳಿಯದು.

ಐದು ವರ್ಷದ ಮೇಲೆ, ಬಿ.ಎ. ಓದುತ್ತಿದ್ದಾಗ, ಕಾಲೇಜಿನ ಗ್ರಂಥಾಲಯದಲ್ಲಿ ಅದೇ ಕಾದಂಬರಿ ಅಚ್ಚಿನ ಪುಸ್ತಕವಾಗಿ ಸಿಕ್ಕಿತು. ಅದರಲ್ಲಿ ತಾಯಿ ಬರುವುದೇ ಇಲ್ಲ. ತಂತಿ ಬರುತ್ತದೆ, ತಾಯಿ ತೀರಿಕೊಂಡಳೆಂದು. ಅಂದೇ ಸಂಜೆ ಪುಸ್ತಕ ಹಿಡಿದು ಪದ್ದಕ್ಕನ ಮನೆಗೆ ಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ನೀವು ಬರೆದದ್ದು ತಪ್ಪು ಪದ್ದಕ್ಕ. ನೋಡಿ, ಇಲ್ಲಿದೆ ನಿಜವಾದದ್ದು."

ಅವರು ಪುಸ್ತಕ ಮುಟ್ಟಲಿಲ್ಲ. "ಹೌದಾ? ಆ ವಾರದ್ದು ಯಾರೋ ಕೊಂಡುಹೋಗಿದ್ದರು. ನಾನೆಂತ ಕಂಡದ್ದಾ?"

"ಗೊತ್ತಿಲ್ಲದಿದ್ದರೆ ಬರೆಯಬಾರದಿತ್ತು."

ಇಷ್ಟು ಒರಟಾಗಿ ಹೇಳಿದೆನೇ, ಅಥವಾ ಆಮೇಲಿನ ಪಶ್ಚಾತ್ತಾಪ ಈ ಮಾತನ್ನು ಒರಟು ಮಾಡಿದೆಯೇ? ಅಂದಿನ ದಿನಚರಿಯಲ್ಲಿರುವುದು ಎರಡೇ ಸಾಲು: 'ಪದ್ದಕ್ಕನಿಗೆ ಅಚ್ಚಿನ ಪುಸ್ತಕ ತೋರಿಸಿದೆ. ಒಪ್ಪಿಕೊಂಡರು.' ಅದರಲ್ಲಿ ಗೆದ್ದವಳ ದನಿಯಿದೆ.

ಮುಂದಿನ ರಜೆಗೆ ಹೊಸ ಪುಸ್ತಕ ಬರಲಿಲ್ಲ. ಕೇಳಿದ್ದಕ್ಕೆ, "ಸೂಜಿಗೆ ನೂಲು ಪೋಣಿಸಲಿಕ್ಕೆ ಕಣ್ಣು ಕಾಣುವುದಿಲ್ಲ. ನೀನು ಹೇಗೂ ಈಗ ದೊಡ್ಡ ಪುಸ್ತಕ ಓದುವವಳು" ಎಂದರು. ಅವರ ತೊಡೆಯ ಮೇಲೆ ಐತಾಳರ ಅಂಗಿ ಇತ್ತು, ಸಣ್ಣ ಸೂಜಿಯಿಂದ ಗುಂಡಿ ಹೊಲಿಯುತ್ತಿದ್ದರು. ಆರು ಬೀಗಗಳಿಗಿಂತ ಆ ಬೇಸಿಗೆಯಲ್ಲಿ ನನ್ನನ್ನು ಹೆಚ್ಚು ಹೊರಗಿಟ್ಟದ್ದು ತೆರೆದೇ ಇದ್ದ ಆ ಒಂದು ಬಾಗಿಲು.

ಎರಡು ವರ್ಷ ಕಳೆಯಿತು. ಐತಾಳರ ಮೊಣಕಾಲು ಒಲೆಯ ಮುಂದೆ ನಿಲ್ಲಲಾರದಾಯಿತು. ಇಬ್ಬರೂ ಊರಿಗೆ ಹೊರಟರು, ರಜೆಗಲ್ಲ, ಕಾಯಂ ಆಗಿ. ಸಾಮಾನು ಕಟ್ಟಲು ನಾನೂ ಹೋದೆ. ಅವಲಕ್ಕಿ ಡಬ್ಬ ಬರಿದು ಮಾಡಿದಾಗ ತಳಕ್ಕೆ ಹಾಸಿದ್ದ ಕಾಗದ ಕಂಡಿತು. ವಾರಪತ್ರಿಕೆಯ ಎರಡು ಹಾಳೆ. ವತ್ಸಲೆಗೆ ತಂತಿ ಬರುವ ಕಂತು.

ಅಂಚಿನಲ್ಲಿ ದಬ್ಬಳದ ತೂತುಗಳ ಸಾಲಿತ್ತು. ಒಮ್ಮೆ ಹೊಲಿದು, ಆಮೇಲೆ ಬಿಚ್ಚಿ ತೆಗೆದ ಹಾಳೆಗಳು ಅವು. ಪತ್ರಿಕೆಯನ್ನು ಯಾರೂ ಕೊಂಡುಹೋಗಿರಲಿಲ್ಲ. ಪುಸ್ತಕ ಸಿದ್ಧವಾದ ಮೇಲೆ ನಮ್ಮ ಮನೆಯಲ್ಲಿ ಅಮ್ಮ ತೀರಿಕೊಂಡಿದ್ದರು.

ಪದ್ದಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿದ್ದುದನ್ನು ಕಂಡರೋ ಇಲ್ಲವೋ, "ಆ ಡಬ್ಬ ನೀನೇ ಇಟ್ಟುಕೋ" ಎಂದಷ್ಟೇ ಹೇಳಿ ಒಳಗೆ ಹೋದರು.

ಸೆಂಟ್ರಲ್ ಸ್ಟೇಷನ್ನಿಗೆ ಬೀಳ್ಕೊಡಲು ಹೋದಾಗ ಬಾಳೆಲೆಯಲ್ಲಿ ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಒಂದು ಮಾತನ್ನು ಕಂಠಪಾಠ ಮಾಡಿದ್ದೆ. ಕಿಟಕಿಯಲ್ಲಿ ಅವರ ಮುಖ ಕಂಡೊಡನೆ ಬಾಯಿಂದ ಬಂದದ್ದು ಬೇರೆ.

"ದೂರದ ಪ್ರಯಾಣ ಪದ್ದಕ್ಕ. ದಾರಿಯಲ್ಲಿ ಹಸಿವಾದರೆ?"

"ಅಯ್ಯೋ, ನನಗೇ ಬುತ್ತಿಯಾ?" ಪೊಟ್ಟಣವನ್ನು ಮೂಸಿದರು. "ಒಗ್ಗರಣೆ ಸ್ವಲ್ಪ ಸೀದಿದೆ. ಅಡ್ಡಿಯಿಲ್ಲ, ತಿನ್ನಬಹುದು."

"ಅಲ್ಲಿ ಹೇಗಿದೆ ಅಂತ ಕಾಗದದಲ್ಲಿ ಹೇಳಬೇಕು."

"ಹೇಳದೆ? ಎಲ್ಲಾ ಹೇಳ್ತೇನೆ" ಎಂದರು. ರೈಲು ಹೊರಟಿತು.

ಕಾಗದ ಬರಲಿಲ್ಲ. ನಾನಾದರೂ ಬರೆಯೋಣವೆಂದರೆ ವಿಳಾಸ ಕೇಳಿಟ್ಟುಕೊಂಡಿರಲಿಲ್ಲ. ಅವರು ಬರೆದಿದ್ದು ಅಂಚೆಯಲ್ಲಿ ಕಳೆದಿರಬಹುದು ಎಂದು ಬಹಳ ದಿನ ಅಂದುಕೊಂಡೆ.

ಆ ಏಪ್ರಿಲಿನಲ್ಲಿ ವಠಾರದಲ್ಲಿ ಬೀಗವಿಲ್ಲದ ಮನೆ ನಮ್ಮದೊಂದೇ. ಒಂದು ಮಧ್ಯಾಹ್ನ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಲು ಕುಳಿತೆ. 'ಪದ್ದಕ್ಕ ರೈಲು ಇಳಿದರು. ಹಸಿವಾಗಿತ್ತು.' ಅವರಾಗಿದ್ದರೆ ಮುಂದಿನ ಸಾಲಿನಲ್ಲೇ ಯಾರಾದರೂ ಎಲೆ ಹಾಕುತ್ತಿದ್ದರು. ನಾನು ಪೆನ್ನು ಹಿಡಿದು ಕುಳಿತೇ ಇದ್ದೆ. ಆ ಊರಿನಲ್ಲಿ ಅವರಿಗೆ ಯಾರಿದ್ದಾರೆಂದು ಅಷ್ಟು ವರ್ಷಗಳಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.